ನಂಜನಗೂಡಿನಿಂದ

ಸೆಕೆಂಡ್ ಇಯರ್‌ನಲ್ಲೇ ಪೇಪರ್ ಬರೀತಿದ್ದೀವಿ ಅಂದ್ರೆ ಸೀನಿಯರ್‌ಗಳು ಕೇಳೋ ಪ್ರಶ್ನೆಗಳು ಮೂರು. ಯಾವ ಟೆಂಪ್ಲೇಟ್? ಎಷ್ಟು ಪೇಜ್? ಸಿಮಿಲಾರಿಟಿ ಎಷ್ಟು ಪರ್ಸೆಂಟ್ ಬಂತು? ಮೂರಕ್ಕೂ ನಮ್ಮ ಹತ್ತಿರ ಉತ್ತರ ಇತ್ತು. ಎರಡು ಕಾಲಮ್ ಟೆಂಪ್ಲೇಟ್, ಆರು ಪೇಜ್, ಸಿಮಿಲಾರಿಟಿ ಗೈಡ್ ಹೇಳಿದ ಮಿತಿಯ ಒಳಗೇ. ಆದರೂ ಪೇಪರ್ ಮೂರು ವಾರ ನಿಂತುಬಿಡ್ತು. ನಿಂತಿದ್ದು ಒಂದೇ ಒಂದು ವಾಕ್ಯದ ಹತ್ತಿರ. ಆ ವಾಕ್ಯ ತಿದ್ದೋಕೆ ಹೊರಟಾಗ ಏನೇನಾಯ್ತು ಅಂತ ಹೇಳೋಕೆ ಈ ಬರಹ. ನೀವೂ ಇವತ್ತಲ್ಲ ನಾಳೆ ಪೇಪರ್ ಬರೀತೀರಿ, ಉಪಯೋಗಕ್ಕೆ ಬರಬಹುದು.

ನಮ್ಮ ವಿಷಯ ಕಪಿಲಾ ನದಿ. ಮ್ಯಾಪ್‌ನಲ್ಲಿ ಕಬಿನಿ ಅಂತಿರುತ್ತೆ, ನಮ್ಮ ಕಡೆ ಕಪಿಲಾ ಅಂತಲೇ ಕರೆಯೋದು. ನಂಜನಗೂಡಿಗಿಂತ ಮೇಲಿನಿಂದ ಶುರು ಮಾಡಿ ತಿ. ನರಸೀಪುರದವರೆಗೆ ಐದು ಜಾಗಗಳಲ್ಲಿ ನೀರು ತುಂಬಿ, ಅದರಲ್ಲಿ ಕರಗಿರೋ ಆಮ್ಲಜನಕ, ಬಿಒಡಿ, ಪಿಹೆಚ್ ಅಳೆಯೋದು. ಜಾಗಗಳು ಇವು: ನಂಜನಗೂಡು ಬರೋಕೆ ಮುಂಚೆ ಒಂದು, ಶ್ರೀಕಂಠೇಶ್ವರ ದೇವಸ್ಥಾನದ ಸ್ನಾನಘಟ್ಟದ ಹತ್ತಿರ ಒಂದು, ಊರು ದಾಟಿದ ಮೇಲೆ ಒಂದು, ಸುತ್ತೂರಿನಲ್ಲಿ ಒಂದು, ತಿ. ನರಸೀಪುರದಲ್ಲಿ ಸಂಗಮಕ್ಕಿಂತ ಸ್ವಲ್ಪ ಹಿಂದೆ ಒಂದು. ಸಂಗಮಕ್ಕಿಂತ ಹಿಂದೆ ಯಾಕೆ ಅಂದ್ರೆ, ಅಲ್ಲಿ ಕಾವೇರಿ ಬಂದು ಸೇರುತ್ತೆ. ಸೇರಿದ ಮೇಲೆ ಬಾಟಲಿ ಅದ್ದಿದರೆ ಅದು ಎರಡೂ ನದಿಯ ನೀರು. ಕಪಿಲೆಯ ಬಗ್ಗೆ ಅದು ಹೇಳೋದನ್ನ ಬಿಡಿಸಿ ನೋಡೋಕಾಗಲ್ಲ.

ನಾನು ಈ ನದಿಯನ್ನೇ ಆರಿಸಿಕೊಂಡಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ, ಮನೆ ಅಲ್ಲಿದೆ. ನಮ್ಮ ಮನೆ ನಂಜನಗೂಡಿನಲ್ಲಿ. ಅಪ್ಪ ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಆಪರೇಟರ್. ಅಮ್ಮನ ತವರು ತಿ. ನರಸೀಪುರ ತಾಲ್ಲೂಕಿನ ಹೊಳೆ ದಂಡೆಯ ಊರು. ಸೋದರಮಾವ ಅಲ್ಲಿ ಭತ್ತ ಬೆಳೀತಾರೆ. ನನ್ನ ಸೆಮಿಸ್ಟರ್ ಫೀಸ್ ಕಾರ್ಖಾನೆಯಿಂದ ಬರುತ್ತೆ, ನಾನು ಉಣ್ಣೋ ಅಕ್ಕಿ ಹೊಳೆಯಿಂದ ಬರುತ್ತೆ. ಪೇಪರ್ ಶುರು ಮಾಡುವಾಗ ಇದೊಂದು ಅನುಕೂಲ ಅನ್ನಿಸಿತ್ತು. ಎರಡೂ ತುದಿಯಲ್ಲಿ ಊಟ, ನಿದ್ದೆ, ಬೈಕ್, ಎಲ್ಲಾ ಫ್ರೀ.

ಕೆಲಸ ಹೇಗೆ ಅಂತ ಚುಟುಕಾಗಿ ಹೇಳ್ತೀನಿ, ಯಾಕಂದ್ರೆ ಮುಂದಿನ ಜಗಳ ಅರ್ಥ ಆಗೋಕೆ ಅದು ಬೇಕು. ನೀರನ್ನ ಬಾಟಲಿಗೆ ತುಂಬುವಾಗ ಒಂದು ಗುಳ್ಳೆಯೂ ಒಳಗೆ ಉಳಿಯಬಾರದು. ಉಳಿದರೆ ಗಾಳಿಯ ಆಮ್ಲಜನಕ ಲೆಕ್ಕಕ್ಕೆ ಬಂದುಬಿಡುತ್ತೆ. ಅಲ್ಲೇ ದಂಡೆಯಲ್ಲೇ ಎರಡು ಕೆಮಿಕಲ್ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತೆ. ಆಮೇಲೆ ಲ್ಯಾಬ್‌ನಲ್ಲಿ ಆಸಿಡ್ ಹಾಕಿ, ಸ್ಟಾರ್ಚ್ ಹಾಕಿ, ನೀಲಿ ಬಣ್ಣ ಹೋಗೋವರೆಗೆ ತೊಟ್ಟು ತೊಟ್ಟಾಗಿ ಟೈಟ್ರೇಟ್ ಮಾಡೋದು. ಬಿಒಡಿಗೆ ಬೇರೆ ಬಾಟಲಿ. ಅದನ್ನ ಕತ್ತಲಲ್ಲಿ ಇಟ್ಟು, ಒಳಗಿರೋ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ತಿಂದುಹಾಕಿವೆ ಅಂತ ಆಮೇಲೆ ನೋಡಬೇಕು. ಹಳೇ ಪುಸ್ತಕಗಳಲ್ಲಿ 20 ಡಿಗ್ರಿಯಲ್ಲಿ 5 ದಿನ ಅಂತಿರುತ್ತೆ. ಅದು ಇಂಗ್ಲೆಂಡಿನ ನದಿಗಳನ್ನ ನೋಡಿಕೊಂಡು ಬೆಳೆದ ಪದ್ಧತಿ. ನಮ್ಮ ಬಿಐಎಸ್ ಪ್ರಕಾರ 27 ಡಿಗ್ರಿಯಲ್ಲಿ 3 ದಿನ. ನಮ್ಮ ಬಿಸಿಲಿಗೆ, ನಮ್ಮ ನೀರಿಗೆ ತಕ್ಕಂತೆ ಅಳತೆಯನ್ನೇ ತಿದ್ದಿದ್ದಾರೆ. ಮೆಥಡ್ಸ್ ಭಾಗ ಬರೆಯುವಾಗ ನನಗೆ ತುಂಬ ಇಷ್ಟವಾದ ಸಾಲು ಇದೇ.

ನಮ್ಮ ಅಂಕಿಗಳನ್ನ ಇಲ್ಲಿ ಕೊಡಲ್ಲ, ಪೇಪರ್ ಇನ್ನೂ ರಿವ್ಯೂನಲ್ಲಿದೆ. ಇಷ್ಟು ಸಾಕು: ನಾವು ಹೋದ ದಿನಗಳಲ್ಲಿ ಊರಿಗಿಂತ ಮೇಲಿನ ಬಾಟಲಿಗಿಂತ ಊರು ದಾಟಿದ ಮೇಲಿನ ಬಾಟಲಿಯಲ್ಲಿ ಆಮ್ಲಜನಕ ಕಡಿಮೆ ಇತ್ತು. ಇದೇನು ಆಶ್ಚರ್ಯದ ಸುದ್ದಿಯಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳ ಪಟ್ಟಿ ಮಾಡಿತ್ತು. ಅದರಲ್ಲಿ ಕರ್ನಾಟಕದವು 17. ಕಬಿನಿ ಅದರಲ್ಲಿದೆ, ನಂಜನಗೂಡಿನಿಂದ ಹೆಜ್ಜಿಗೆವರೆಗೆ ಅಂತ.

ಈಗ ಆ ವಾಕ್ಯ. ಡಿಸ್ಕಷನ್ ಭಾಗದ ಮೊದಲ ಡ್ರಾಫ್ಟ್ ಬರೆದವಳು ನನ್ನ ಟೀಮ್‌ಮೇಟ್, ಗದಗಿನ ಹುಡುಗಿ. ಅವಳ ಇಂಗ್ಲಿಷ್ ನಮ್ಮೆಲ್ಲರಿಗಿಂತ ಚೆನ್ನಾಗಿದೆ. ಅವಳು ಬರೆದಿದ್ದನ್ನ ಕನ್ನಡದಲ್ಲಿ ಹೇಳೋದಾದ್ರೆ ಹೀಗೆ: 'ಕೈಗಾರಿಕಾ ತ್ಯಾಜ್ಯಗಳಿಂದಾಗಿ ನಂಜನಗೂಡಿನ ಕೆಳಭಾಗದಲ್ಲಿ ಕರಗಿದ ಆಮ್ಲಜನಕ ಕುಸಿದಿದೆ.' ನಾವು ಓದಿದ್ದ ಎಷ್ಟೋ ಪೇಪರ್‌ಗಳಲ್ಲಿ ಇಂಥ ವಾಕ್ಯ ಇದೆ. ಊರಿನ ಹೆಸರು ಬದಲಾಗುತ್ತೆ, ವಾಕ್ಯ ಬದಲಾಗಲ್ಲ. ಗ್ರಾಮರ್ ಟೂಲ್‌ಗೆ ಹಾಕಿದ್ರೆ ಒಂದೂ ಕೆಂಪು ಗೆರೆ ಬರಲ್ಲ. ವ್ಯಾಕರಣ ಪೂರ್ತಿ ಸರಿ.

ನಾನು "ಇದು ನಮಗೆ ಹೇಗೆ ಗೊತ್ತು?" ಅಂತ ಕೇಳಿದೆ.

ಅವಳು ಲ್ಯಾಪ್‌ಟಾಪ್‌ನಿಂದ ತಲೆ ಎತ್ತಿ, "ನಿಮ್ಮಪ್ಪಾರು ಅಲ್ಲೇ ಕೆಲಸಾ ಮಾಡ್ತಾರಂತ ಹಿಂಗ ಕೇಳಾಕತ್ತಿಯೇನು?" ಅಂದಳು.

ಬೈದು ಹೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗಬೇಕು ಅಂತ ಕೇಳಿದ್ದು. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಯಾಕಂದ್ರೆ ಅನುಮಾನ ಪಡೋಕೆ ಕಾರಣ ಎರಡು ಇರಬಹುದು. ಒಂದು, ಅಂಕಿ ಅಷ್ಟು ಹೇಳ್ತಿಲ್ಲ ಅನ್ನೋದು. ಇನ್ನೊಂದು, ಅಂಕಿ ಅದನ್ನ ಹೇಳಬಾರದು ಅಂತ ಒಳಗಿನ ಆಸೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತೆ. ಒಳಗಿನಿಂದಲೂ ಬೇರೆ ಮಾಡೋದು ಸುಲಭ ಅಲ್ಲ ಅಂತ ಆವತ್ತು ರಾತ್ರಿ ಗೊತ್ತಾಯ್ತು.

ಆ ಭಾನುವಾರ ಮಾವನ ಮನೆಗೆ ಹೋಗಿದ್ದೆ. ಪೇಪರ್ ವಿಷಯ ಬಂತು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಹೇಳೋಕೆ ಶುರು ಮಾಡಿದರೆ ಪ್ರತಿ ಎರಡನೇ ಪದಕ್ಕೂ ತಡವರಿಸ್ತೀನಿ. ಹೇಗೋ ಹೇಳಿದೆ: "ನಂಜನಗೂಡಿನಿಂದ ನೀರಲ್ಲಿ ಆಮ್ಲಜನಕ ಕಮ್ಮಿ ಆಗ್ತಿದೆ ಮಾವ."

ಮಾವ ಕೂತಲ್ಲಿಂದ ಎದ್ದೇಬಿಟ್ಟರು. "ಅದೇ ಕಣ್ಲಾ ನಾನೂ ಹೇಳದು! ಬರ್ದಾಕು, ಫ್ಯಾಕ್ಟ್ರಿಯಿಂದ್ಲೇ ಅಂತ ಬರ್ದಾಕು. ಓದ್ದೋರು ಬರುದ್ರೆ ಯಾರಾದ್ರೂ ಕೇಳ್ತಾರೆ."

ನಾನು ಹೇಳಿದ್ದು 'ನಂಜನಗೂಡಿನಿಂದ ಆಚೆಗೆ' ಅನ್ನೋ ಅರ್ಥದಲ್ಲಿ. ಮಾವನಿಗೆ ಕೇಳಿಸಿದ್ದು 'ನಂಜನಗೂಡಿನ ದೆಸೆಯಿಂದ' ಅಂತ. ಇಬ್ಬರೂ ಸರಿ. ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ. ಪಂಚಮಿಗೆ ದೆಸೆಯಿಂದ ಅಂತ ಬೇರೆಯಾಗಿ ಬರೆಸ್ತಿದ್ದರು. ಒಂದು ಮಾರ್ಕ್‌ಗೋಸ್ಕರ ಕಲಿತು ಮರೆತಿದ್ದೆ. ಆದರೆ ನಾವು ಮಾತಾಡುವಾಗ ಆ ಎಲ್ಲ ಕೆಲಸಾನೂ ಒಂದೇ 'ಇಂದ' ಮಾಡುತ್ತೆ. ಮೈಸೂರಿನಿಂದ ಬಂದೆ ಅಂದ್ರೆ ಜಾಗ. ಚಾಕುವಿನಿಂದ ಕೊಯ್ದೆ ಅಂದ್ರೆ ಸಾಧನ. ಮಳೆಯಿಂದ ಹಾಳಾಯ್ತು ಅಂದ್ರೆ ಕಾರಣ. ಕೇಳಿದವರು ತಮಗೆ ಗೊತ್ತಿರೋದನ್ನ ಸೇರಿಸಿಕೊಂಡು ಅರ್ಥ ಮಾಡ್ಕೋತಾರೆ.

ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಬೇರೆ ಬೇರೆ ಮಾತಿದೆ: 'ಡೌನ್‌ಸ್ಟ್ರೀಮ್ ಆಫ್' ಮತ್ತು 'ಡ್ಯೂ ಟು'. ಅಲ್ಲಿ ಗೊಂದಲ ಆಗಬಾರದಿತ್ತು. ಆದರೆ ನಮ್ಮ ಡ್ರಾಫ್ಟ್‌ನಲ್ಲಿ ಮೊದಲನೆಯದು ಇರಬೇಕಾದ ಕಡೆ ಎರಡನೆಯದು ಬಂದು ಆರಾಮಾಗಿ ಕೂತಿತ್ತು. ಓದಿದ ನಾಲ್ಕು ಜನರಿಗೂ ಸಹಜ ಅನ್ನಿಸಿತ್ತು. ನಾವು ಅಳೆದಿದ್ದು ಜಾಗ, ಬರೆದಿದ್ದು ಕಾರಣ. ಮಾವ ಎದ್ದು ನಿಂತಾಗ ಈ ವ್ಯತ್ಯಾಸ ನನ್ನ ಕಣ್ಣಿಗೆ ಬಿತ್ತು.

ವಾಪಸ್ ಬಂದು ಟೀಮ್‌ಮೇಟ್ ಜೊತೆ ಕೂತು ಒಂದು ಕಾಗದದ ಮೇಲೆ ಗೆರೆ ಎಳೆದೆ. ಮೇಲಿನ ಬಾಟಲಿಗೂ ಕೆಳಗಿನ ಬಾಟಲಿಗೂ ಮಧ್ಯೆ ನದಿಗೆ ಏನೇನು ಸೇರಬಹುದು? ಊರಿನ ಮೋರಿ ನೀರು. ಸ್ನಾನಘಟ್ಟದ ಸೋಪು, ಬಟ್ಟೆ, ಹೂವು. ಪರಶುರಾಮ ಕ್ಷೇತ್ರದ ಹತ್ತಿರ ಸೇರೋ ಕೌಂಡಿನ್ಯ, ಅಂದ್ರೆ ಗುಂಡ್ಲುಹೊಳೆ, ಅದು ತನ್ನ ದಾರಿಯ ಊರುಗಳದ್ದನ್ನೆಲ್ಲ ಹೊತ್ತು ತರುತ್ತೆ. ಗದ್ದೆಗಳಿಂದ ಬಸಿದು ಬರೋ ಗೊಬ್ಬರದ ನೀರು. ಕೈಗಾರಿಕಾ ಪ್ರದೇಶದ ಕಡೆಯಿಂದ ಏನಾದರೂ ಬಂದರೆ ಅದೂ. ಇದು ಸಾಲದು ಅಂತ ಹೊತ್ತು ಬೇರೆ. ಬೆಳಗಿನ ಜಾವ ನೀರಲ್ಲಿ ಆಮ್ಲಜನಕ ಕಡಿಮೆ ಇರುತ್ತೆ, ಬಿಸಿಲೇರಿದ ಮೇಲೆ ಪಾಚಿ ಆಮ್ಲಜನಕ ಬಿಡೋದ್ರಿಂದ ಏರುತ್ತೆ. ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಎಲ್ಲಾನೂ ತೆಳುವಾಗುತ್ತೆ. ದೊಡ್ಡ ಜಾತ್ರೆಯ ವಾರ ಬಾಟಲಿ ಅದ್ದಿದರೆ ಇನ್ನೊಂದು ಕಥೆ. ನಮ್ಮ 300 ಎಂಎಲ್ ಬಾಟಲಿಗೆ ಇದು ಯಾವುದರ ಹೆಸರೂ ಗೊತ್ತಿಲ್ಲ. ಅದು ಹೇಳೋದು ಒಂದೇ ಸಂಖ್ಯೆ.

ಆಮೇಲೆ ಒಂದು ಪರೀಕ್ಷೆ ಮಾಡಿದೆವು. ಇದನ್ನ ನೀವೂ ನಿಮ್ಮ ಪೇಪರ್‌ಗೆ ಮಾಡಿ ನೋಡಿ, ಐದು ನಿಮಿಷ ಸಾಕು. ಅಂಕಿ ಉಲ್ಟಾ ಬಂದಿತ್ತು ಅಂದುಕೊಳ್ಳಿ. ಊರು ದಾಟಿದ ಮೇಲೆ ಆಮ್ಲಜನಕ ಜಾಸ್ತಿ ಇತ್ತು ಅಂದುಕೊಳ್ಳಿ. ಆಗ ನಾವು 'ಕಾರ್ಖಾನೆಗಳಿಂದಾಗಿ ನೀರು ಚೆನ್ನಾಗಿದೆ' ಅಂತ ಬರೀತಿದ್ವಾ? ಇಲ್ಲ ತಾನೆ? ಅಂದ್ರೆ ಕಾರ್ಖಾನೆ ಅನ್ನೋ ಪದ ಬಾಟಲಿಯಿಂದ ಬಂದಿದ್ದಲ್ಲ. ಅದು ನಮ್ಮ ತಲೆಯಲ್ಲಿ ಮೊದಲೇ ಇತ್ತು.

ಅವಳು ಒಪ್ಪಿದಳು. ಆದರೆ ಸುಮ್ಮನೆ ಒಪ್ಪೋ ಪೈಕಿ ಅಲ್ಲ. "ಸರಿ, ಕಾರ್ಖಾನಿ ತಗಿಯೋಣು. ಆದ್ರ ಕಾರ್ಖಾನಿದು ಏನೂ ಇಲ್ಲ ಅಂತನೂ ಓದಿದವರಿಗೆ ಅನಿಸಬಾರದು. ಅದೂ ನಮಗ ಗೊತ್ತಿಲ್ಲಲ್ಲ?" ಅಂದಳು. ಅದೂ ಸರಿಯೇ. ತೆಗೆದುಹಾಕೋದೂ ಒಂದು ಹೇಳಿಕೆನೇ. ಮಾವನಂಥವರು ಹೊಳೆ ನೀರು ಹಾಯಿಸಿ ಬದುಕೋವಾಗ, 'ನಮಗೆ ಖಚಿತವಿಲ್ಲ' ಅನ್ನೋ ಮಾತು ಬೇಗ 'ಏನೂ ತೊಂದರೆ ಇಲ್ಲ' ಅಂತ ಆಗಿಬಿಡುತ್ತೆ. ಹಾಗೆ ಆಗೋದ್ರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಯೋಚಿಸದೆ ವಾಕ್ಯ ತಿದ್ದೋಕಾಗಲ್ಲ.

ಈ ಮಧ್ಯೆ, ಲಿಟರೇಚರ್ ಸರ್ವೇಗೆ ಅಂತ ತಿ. ನರಸೀಪುರ ತಾಲ್ಲೂಕಿನ ಬಗ್ಗೆ ಏನಿದೆ ಅಂತ ಹುಡುಕುವಾಗ ನಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಒಬ್ಬರು ಸಿಕ್ಕಿದರು: ಎಂ. ಎನ್. ಶ್ರೀನಿವಾಸ್. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ. 1948ರಲ್ಲಿ ಅವರು ಈ ತಾಲ್ಲೂಕಿನ ಕೊಡಗಹಳ್ಳಿಗೆ ಬಂದು ಉಳಿದು ಅಧ್ಯಯನ ಮಾಡಿದರು. ಬರಹದಲ್ಲಿ ಊರಿನ ಹೆಸರು ಬದಲಿಸಿ 'ರಾಂಪುರ' ಅಂತ ಕರೆದರು. 'ಡಾಮಿನೆಂಟ್ ಕಾಸ್ಟ್' ಅಂತ ಇವತ್ತು ಎಲೆಕ್ಷನ್ ಬಂದಾಗ ಟಿವಿಯಲ್ಲಿ ಕೇಳ್ತೀವಲ್ಲ, ಆ ಪರಿಕಲ್ಪನೆಯನ್ನ ಅವರು ವಿವರಿಸಿದ 1959ರ ಪೇಪರ್ ಈ ರಾಂಪುರದ ಮೇಲೆಯೇ ಇದೆ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಅವರು ತಿದ್ದಿ ಬರೆದ ರೀತಿ. ಕೊಡವರ ಬಗ್ಗೆ ಅವರು ಬಾಂಬೆ ವಿಶ್ವವಿದ್ಯಾಲಯದಲ್ಲಿ ಜಿ. ಎಸ್. ಘುರ್ಯೆ ಅವರ ಕೈಕೆಳಗೆ ಪಿಎಚ್‌ಡಿ ಮುಗಿಸಿದ್ದರು. ಆಮೇಲೆ ಆಕ್ಸ್‌ಫರ್ಡ್‌ಗೆ ಹೋಗಿ, ಅದೇ ಮಾಹಿತಿಯನ್ನ ಮತ್ತೆ ಮುಂದಿಟ್ಟುಕೊಂಡು ಹೊಸದಾಗಿ ವಿಶ್ಲೇಷಿಸಿ ಇನ್ನೊಂದು ಡಾಕ್ಟರೇಟ್ ಬರೆದರು. ಅದು 1952ರಲ್ಲಿ ಪುಸ್ತಕ ಆಯ್ತು. ಸಂಗ್ರಹಿಸಿದ ಮಾಹಿತಿ ಅದೇ, ಕೇಳಿದ ಪ್ರಶ್ನೆ ಬೇರೆ. ರಿವಿಷನ್ ಅಂದ್ರೆ ಕಾಮಾ ಸರಿ ಮಾಡೋದು ಅಂತ ತಿಳಿದಿದ್ದವನಿಗೆ ಇದು ಹೊಸದು.

ರಾಂಪುರದ ಕಥೆ ಇನ್ನೂ ದೊಡ್ಡದು. 1970ರ ಏಪ್ರಿಲ್ 24ರಂದು ಶ್ರೀನಿವಾಸ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಒಂದು ಅಧ್ಯಯನ ಕೇಂದ್ರದಲ್ಲಿದ್ದಾಗ ಕಿಡಿಗೇಡಿಗಳು ಅಲ್ಲಿಗೆ ಬೆಂಕಿ ಇಟ್ಟರು. 18 ವರ್ಷ ಕೂತು ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅದೇ ಕೋಣೆಯಲ್ಲಿದ್ದವು. ಮೂರೂ ಸುಟ್ಟವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬ್ಯಾಕಪ್‌ನ ಬ್ಯಾಕಪ್ ಕೂಡ ಹೋಯ್ತು. ಆಮೇಲೆ ಅವರು ನೆನಪಿನಿಂದ ಬರೆಯೋಕೆ ಕೂತರು. 1976ರಲ್ಲಿ ಬಂದ ಆ ಪುಸ್ತಕದ ಹೆಸರೇ 'ದಿ ರಿಮೆಂಬರ್ಡ್ ವಿಲೇಜ್'.

ಇದನ್ನ ಛಲದ ಕಥೆಯಾಗಿ ಹೇಳೋರು ಇದ್ದಾರೆ, ಹೇಳಲಿ. ನನಗೆ ಬೇರೆಯದೇ ಮುಖ್ಯ ಅನ್ನಿಸ್ತು. ಅವರು ಇದು ನೆನಪಿನಿಂದ ಬರೆದಿದ್ದು ಅಂತ ಪುಸ್ತಕದ ಅಟ್ಟೆಯ ಮೇಲೇ ಹಾಕಿಬಿಟ್ಟರು. ಟಿಪ್ಪಣಿ ನೋಡಿ ಬರೆದ ಹಾಗೆ ನಟಿಸಲಿಲ್ಲ. ನಾನು ಇಲ್ಲಿ ನಿಂತು ಹೇಳ್ತಿದ್ದೀನಿ, ಇಷ್ಟು ದೂರ ಕಾಣುತ್ತೆ, ನೀವು ಅದಕ್ಕೆ ತಕ್ಕ ಹಾಗೆ ಓದಿಕೊಳ್ಳಿ ಅಂದ ಹಾಗೆ. ನೆನಪಿನಿಂದ, ಬಾಟಲಿಯಿಂದ, ಮಾವನ ಮಾತಿನಿಂದ, ಹಳೇ ಪೇಪರ್‌ನಿಂದ: ಪ್ರತಿ ವಾಕ್ಯಕ್ಕೂ ಹೀಗೆ ಒಂದು 'ಇಂದ' ಇರಲೇಬೇಕು. ಅದನ್ನ ಮುಚ್ಚಿಟ್ಟರೆ ವಾಕ್ಯ ಎಷ್ಟು ಗಟ್ಟಿಯಾಗಿ ಕೇಳಿಸಿದರೂ ಒಳಗೆ ಟೊಳ್ಳು.

ಹಾಗಾದ್ರೆ ನಾನು ಎಲ್ಲಿ ನಿಂತಿದ್ದೀನಿ? ಈ ಪ್ರಶ್ನೆ ಟೆಂಪ್ಲೇಟ್‌ನಲ್ಲೇ ಇತ್ತು, ಯಾರೂ ಗಮನಿಸಿರಲಿಲ್ಲ. ಕೊನೆ ಪೇಜ್‌ನಲ್ಲಿ 'ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್' ಅಂತ ಒಂದು ಸಾಲು ಇರುತ್ತೆ. ಲೇಖಕರಿಗೆ ಯಾವ ಹಿತಾಸಕ್ತಿಯೂ ಇಲ್ಲ ಅಂತ ಮೊದಲೇ ತುಂಬಿಸಿ ಕೊಟ್ಟಿರ್ತಾರೆ. ಎಲ್ಲರೂ ಹಾಗೇ ಬಿಡ್ತಾರೆ. ಗೈಡ್‌ನ ಕೇಳಿದೆವು. ಸ್ಟೂಡೆಂಟ್ ಪೇಪರ್‌ಗೆ ಯಾರೂ ಬರೆಯಲ್ಲ, ಬರೆದರೆ ತಪ್ಪೇನಿಲ್ಲ, ಮನೆಯಲ್ಲಿ ಕೇಳಿಕೊಂಡು ಬರಿ ಅಂದರು.

ಮನೆಯಲ್ಲಿ ಕೇಳೋದೇ ಕಷ್ಟ ಆಗಿದ್ದು. ಅಪ್ಪ ನೋಡಿಕೊಳ್ಳೋದು ಕಾರ್ಖಾನೆಯ ಇಟಿಪಿ, ಅಂದ್ರೆ ಹೊಲಸು ನೀರು ಶುದ್ಧ ಮಾಡೋ ಘಟಕ. ನೈಟ್ ಶಿಫ್ಟ್ ಮುಗಿಸಿ ಬಂದು ಕಾಫಿ ಕುಡೀತಿದ್ದರು. ಇಡೀ ಕಥೆ ಹೇಳಿದೆ. ಮೊದಲ ಡ್ರಾಫ್ಟ್‌ನ ವಾಕ್ಯವನ್ನೂ ಹೇಳಿದೆ. ಕೋಪ ಬರಬಹುದು, ಅಥವಾ 'ನಮಗ್ಯಾಕೆ ಉಸಾಬರಿ' ಅನ್ನಬಹುದು ಅಂದುಕೊಂಡಿದ್ದೆ.

ಅಪ್ಪ ಕೇಳಿದ್ದು, "ನೀನು ಎಷ್ಟೊತ್ತಿಗೆ ನೀರು ಎತ್ತಿದೆ ಅಂತ ಬರೆದಿದ್ದೀಯ?"

ಬರೆದಿದ್ದೀನಿ ಅಂದೆ.

"ಹಾಗೇ ಇರಬೇಕು. ನಮ್ಮಲ್ಲಿ ಗಂಟೆಗೊಂದು ಸಲ ಲಾಗ್ ಬುಕ್ ಬರೀಬೇಕು ಪುಟ್ಟ. ಮೀಟರ್ ಏನು ತೋರಿಸುತ್ತೋ ಅದು. ಮೀಟರ್ ಕೆಟ್ಟಿದ್ರೆ ಕೆಟ್ಟಿದೆ ಅಂತ ಬರೀಬೇಕು. ಹೊಸ ಹುಡುಗರು ಹಿಂದಿನ ಗಂಟೆದೇ ನಂಬರ್ ಇಳಿಸಿಬಿಡ್ತಾರೆ, ಬಿಡಲ್ಲ ನಾನು." ಸ್ವಲ್ಪ ಹೊತ್ತು ಬಿಟ್ಟು, "ನನ್ನ ಹೆಸರು ಬೇಡ. ಅಲ್ಲಿ ಕೆಲಸ ಮಾಡ್ತಾರೆ ಅಂತ ಬರ್ಕೊ. ಸುಳ್ಳೇನಲ್ವಲ್ಲ," ಅಂದರು.

ಅಪ್ಪನಿಗೆ ಭಯ ಇರಲಿಲ್ಲ ಅಂತ ನಾನು ಹೇಳಲ್ಲ. ಲೋಟ ಇಟ್ಟ ಮೇಲೂ ಸುಮಾರು ಹೊತ್ತು ಅಲ್ಲೇ ಕೂತಿದ್ದರು.

ಈಗ ಪೇಪರ್‌ನಲ್ಲಿ ಆ ಒಂದು ವಾಕ್ಯದ ಜಾಗದಲ್ಲಿ ಮೂರು ವಾಕ್ಯಗಳಿವೆ. ಕನ್ನಡದಲ್ಲಿ ಹೀಗೆ: 'ನಮೂನೆ ತೆಗೆದ ದಿನಗಳಲ್ಲಿ ನಂಜನಗೂಡಿನ ಕೆಳಭಾಗದಲ್ಲಿ ಕರಗಿದ ಆಮ್ಲಜನಕ ಮೇಲ್ಭಾಗಕ್ಕಿಂತ ಕಡಿಮೆ ಇತ್ತು. ಇವೆರಡರ ನಡುವೆ ಊರಿನ ಕೊಳಚೆ, ಉಪನದಿ, ಕೃಷಿ ಹಾಗೂ ಕೈಗಾರಿಕೆ ಈ ಎಲ್ಲ ಮೂಲಗಳ ಪಾಲೂ ಇರಬಹುದು. ಯಾವುದರ ಪಾಲು ಎಷ್ಟೆಂದು ಹೇಳಲು ಪ್ರತಿ ಒಳಹರಿವನ್ನೂ ಪ್ರತ್ಯೇಕವಾಗಿ, ಬೇರೆ ಬೇರೆ ಋತುಗಳಲ್ಲಿ ಅಳೆಯಬೇಕು.' ಕೊನೆ ಪೇಜ್‌ನಲ್ಲಿ ಇನ್ನೊಂದು ಸಾಲು: ಲೇಖಕರೊಬ್ಬರ ಕುಟುಂಬದವರು ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಉದ್ಯೋಗಿ, ಸಂಬಂಧಿಕರು ನದಿಯ ಕೆಳಪಾತ್ರದಲ್ಲಿ ಕೃಷಿಕರು.

ಈ ಮೂರು ವಾಕ್ಯಕ್ಕೆ ಜಾಗ ಮಾಡೋಕೆ ಇಂಟ್ರೊಡಕ್ಷನ್‌ನಲ್ಲಿ 'ನೀರೇ ಜೀವಜಲ' ಥರದ ಅರ್ಧ ಕಾಲಮ್ ತೆಗೆದೆವು. ಯಾರಿಗೂ ಬೇಜಾರಾಗಲಿಲ್ಲ.

ಮಾವನಿಗೆ ಮಾತ್ರ ಬೇಜಾರಾಯ್ತು. ಫೋನ್‌ನಲ್ಲಿ ಹೊಸ ವಾಕ್ಯ ಓದಿ ಹೇಳಿದಾಗ, "ಇದ್ರಲ್ಲಿ ಏನ್ ಹೇಳ್ದಂಗಾಯ್ತು?" ಅಂದರು. ನ್ಯಾಯವಾದ ಪ್ರಶ್ನೆ. ಹೊಳೆ ನೀರನ್ನೇ ನಂಬಿಕೊಂಡವರಿಗೆ 'ಇನ್ನೂ ಅಳೆಯಬೇಕು' ಅನ್ನೋದು ಉತ್ತರ ಅಲ್ಲ, ಸಾಲ. ಮೂರನೇ ವಾಕ್ಯ ಬರೆದ ಮೇಲೆ ಅದನ್ನ ಅಲ್ಲಿಗೇ ಬಿಟ್ಟರೆ ಅದೂ ಎಲ್ಲ ಪೇಪರ್‌ಗಳ ಕೊನೆಯಲ್ಲಿರೋ 'ಫ್ಯೂಚರ್ ವರ್ಕ್' ಥರ ಅಲಂಕಾರ ಆಗಿ ಉಳಿಯುತ್ತೆ.

ಅದಕ್ಕೆ ಬರೋ ಸೆಮಿಸ್ಟರ್‌ನಲ್ಲಿ ಒಳಹರಿವುಗಳನ್ನ ಒಂದೊಂದಾಗಿ ಅಳೆಯೋಕೆ ಹೊರಟಿದ್ದೀವಿ. ಮೊದಲು ಗುಂಡ್ಲುಹೊಳೆ ಸೇರೋ ಜಾಗ, ಆಮೇಲೆ ಊರಿನ ಮೋರಿಗಳು. ಕಾರ್ಖಾನೆಗಳ ಕಡೆಯದಕ್ಕೆ ಅನುಮತಿ ಬೇಕು, ಅದಕ್ಕೆ ಪತ್ರ ಬರೆಯೋ ಕೆಲಸ ಗದಗಿನವಳದು. ಎಲ್ಲಾ ಜಾಗದಲ್ಲೂ ಒಂದೇ ಹೊತ್ತಿಗೆ ಬಾಟಲಿ ಅದ್ದಬೇಕು, ಅದಕ್ಕೆ ಈಗಿರೋ ನಾಲ್ಕು ಜನ ಸಾಲಲ್ಲ. ಬೈಕ್ ಇರೋರು ಇಬ್ಬರು, ಟೈಟ್ರೇಷನ್‌ನಲ್ಲಿ ಕೈ ನಡುಗದವರು ಒಬ್ಬರು ಬೇಕು. ಬ್ರಾಂಚ್ ಯಾವುದಾದ್ರೂ ಪರವಾಗಿಲ್ಲ. ಬೆಳಿಗ್ಗೆ ಐದು ಗಂಟೆಗೆ ದಂಡೆ ಮೇಲಿರಬೇಕು. ತಿಂಡಿ ನಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟ ಮಾವನ ಮನೆಯಲ್ಲಿ. ಅವರ ಪ್ರಶ್ನೆಗೆ ಉತ್ತರ ಕೊಡೋಕೆ ಮಾತ್ರ ತಯಾರಾಗಿ ಬನ್ನಿ.